ಉಪೇಕ್ಖಾ ಎಂದರೆ ಉಪೇಕ್ಷೆಯಲ್ಲ: ಊ ಥಾಂಟ್ ಅವರ ಬದುಕು

ನಾಳೆ ನವೆಂಬರ್ 26, ಸಂವಿಧಾನ ದಿನ. ನಿಮ್ಮ ಮೊಬೈಲಿಗೆ ಈಗಾಗಲೇ ಪೀಠಿಕೆಯ ಚಿತ್ರಗಳು ಬರತೊಡಗಿರಬಹುದು. ಅದರ ಹಿಂದಿನ ದಿನವಾದ ಇಂದು ಇನ್ನೊಬ್ಬರನ್ನು ನೆನೆಯೋಣ. 1974ರ ನವೆಂಬರ್ 25ರಂದು ನ್ಯೂಯಾರ್ಕಿನಲ್ಲಿ ಊ ಥಾಂಟ್ ತೀರಿಕೊಂಡರು. ಅವರು ವಿಶ್ವಸಂಸ್ಥೆಯ ಮೂರನೆಯ ಪ್ರಧಾನ ಕಾರ್ಯದರ್ಶಿ, ಆ ಹುದ್ದೆಗೇರಿದ ಮೊದಲ ಏಷ್ಯನ್, ಬರ್ಮಾದ ಬೌದ್ಧ. ಅದಕ್ಕೂ ಮೊದಲು ಅವರು ಒಬ್ಬ ಹೈಸ್ಕೂಲ್ ಮೇಷ್ಟ್ರು. ಇದನ್ನು ಹೇಳುವಾಗ ನನಗೆ ಸ್ವಲ್ಪ ಖುಷಿಯೇ ಆಗುತ್ತದೆ.

ಅವರ ಹೆಸರು ಥಾಂಟ್ ಎಂಬ ಒಂದೇ ಪದ. ಬರ್ಮಾದವರಿಗೆ ಮನೆತನದ ಹೆಸರಿಲ್ಲ. ಮುಂದಿನ 'ಊ' ನಮ್ಮ 'ಶ್ರೀ' ಇದ್ದ ಹಾಗೆ, ಗೌರವಕ್ಕೆ.

ಅವರ ಕಥೆಗೆ ಹೋಗುವ ಮೊದಲು ನಮ್ಮೂರಿನ ಒಂದು ಮಾತು. ಇಂದಿನ ವಿಷಯ ಸಂಧಾನ. ನಮ್ಮ ಜನರಿಗೆ ಈ ಪದ ಕೇಳಿದರೆ ಒಳಗೆ ಒಂದು ಅನುಮಾನ ಹುಟ್ಟುತ್ತದೆ. ಅದಕ್ಕೆ ಕಾರಣವಿದೆ. ಹಳ್ಳಿಗಳಲ್ಲಿ ಇದರ ಇನ್ನೊಂದು ಹೆಸರು 'ರಾಜಿ'. ಕೇರಿಯ ಹುಡುಗನಿಗೆ ಹೊಡೆದಿರುತ್ತಾರೆ. ಮರುದಿನ ನಾಲ್ಕು ಜನ ಹಿರಿಯರು ಬಂದು ಜಗಲಿಯ ಮೇಲೆ ಕೂರುತ್ತಾರೆ. ಊರು ಒಂದಾಗಿರಬೇಕು, ಎರಡೂ ಕಡೆ ತಪ್ಪಾಗಿದೆ, ಕೇಸು ವಾಪಸ್ ತೆಗೆದುಕೊಳ್ಳಿ ಎನ್ನುತ್ತಾರೆ. ಹೊಡೆದವನೂ ಹೊಡೆಸಿಕೊಂಡವನೂ ಕೈ ಕುಲುಕುತ್ತಾರೆ. ಅದಕ್ಕೆ ಶಾಂತಿ ಎಂದು ಹೆಸರು. ಶಾಲೆಯಲ್ಲೂ ಇದೇ ನಡೆಯುತ್ತದೆ. ಜಗಳವಾಡಿದ ಇಬ್ಬರ ಕಿವಿ ಹಿಂಡಿ, ಇಬ್ಬರಿಂದಲೂ ಸಾರಿ ಹೇಳಿಸಿದರೆ ಎರಡೇ ನಿಮಿಷದಲ್ಲಿ ಪ್ರಕರಣ ಮುಗಿಯುತ್ತದೆ. ಆದರೆ ಮೊದಲು ಪೆಟ್ಟು ತಿಂದ ಮಗುವಿನ ಮುಖ ನೋಡಿದರೆ ಅದು ಮುಗಿದಿಲ್ಲ ಎಂದು ತಿಳಿಯುತ್ತದೆ.

ಹಾಗಾದರೆ ಜಗಳದ ನಡುವೆ ನಿಲ್ಲುವವನು ಯಾವಾಗಲೂ ಬಲವಂತನ ಕಡೆಯವನೇ? ಊ ಥಾಂಟ್ ಅವರ ಬದುಕನ್ನು ಈ ಪ್ರಶ್ನೆಯ ಜೊತೆಗೆ ಓದಬೇಕು ಎಂದು ನನಗೆ ಅನ್ನಿಸುತ್ತದೆ.

ಅವರು ಹುಟ್ಟಿದ್ದು 1909ರ ಜನವರಿ 22ರಂದು, ಐರಾವತಿ ನದಿಯ ಮುಖಜಭೂಮಿಯಲ್ಲಿರುವ ಪಂಟನಾವ್ ಎಂಬ ಸಣ್ಣ ಪಟ್ಟಣದಲ್ಲಿ. ನಾಲ್ಕು ಗಂಡುಮಕ್ಕಳಲ್ಲಿ ಹಿರಿಯರು. ಹದಿನಾಲ್ಕನೆಯ ವಯಸ್ಸಿಗೆ ತಂದೆ ತೀರಿಕೊಂಡರು. ಆಸ್ತಿಯ ಜಗಳಗಳು ಎದ್ದು ತಾಯಿ ಮತ್ತು ಮಕ್ಕಳು ಕಷ್ಟಕ್ಕೆ ಬಿದ್ದರು. ರಂಗೂನಿನಲ್ಲಿ ಕಾಲೇಜು ಸೇರಿದ ಥಾಂಟ್ ಎರಡು ವರ್ಷದ ಓದಿಗೇ ನಿಲ್ಲಿಸಿ ಊರಿಗೆ ಮರಳಿದರು. ತಮ್ಮಂದಿರು ಓದಬೇಕಿತ್ತು. ಪಂಟನಾವ್‌ನ ನ್ಯಾಷನಲ್ ಹೈಸ್ಕೂಲಿನಲ್ಲಿ ಮೇಷ್ಟ್ರಾದರು, 25ನೆಯ ವಯಸ್ಸಿಗೆ ಮುಖ್ಯೋಪಾಧ್ಯಾಯರಾದರು. ಪದವಿ ಮುಗಿಸದ ಈ ಮೇಷ್ಟ್ರು ಬಿಡುವಿನಲ್ಲಿ ಪತ್ರಿಕೆಗಳಿಗೆ ಬರೆಯುತ್ತಿದ್ದರು, ಪುಸ್ತಕಗಳನ್ನು ಬರ್ಮೀ ಭಾಷೆಗೆ ಅನುವಾದಿಸುತ್ತಿದ್ದರು. ಅವುಗಳಲ್ಲೊಂದು ರಾಷ್ಟ್ರಸಂಘದ ಕುರಿತಾದದ್ದು. ವಿಶ್ವಸಂಸ್ಥೆಗಿಂತ ಮೊದಲು ಇದ್ದ, ಎರಡನೆಯ ಮಹಾಯುದ್ಧವನ್ನು ತಡೆಯಲಾಗದೆ ಮುಗಿದುಹೋದ ಸಂಸ್ಥೆ ಅದು.

ಅದೇ ಶಾಲೆಯಲ್ಲಿ ಅವರ ಜೊತೆಗಿದ್ದ ಗೆಳೆಯ ಊ ನು. 1948ರಲ್ಲಿ ಬರ್ಮಾ ಸ್ವತಂತ್ರವಾದಾಗ ಊ ನು ಪ್ರಧಾನಿಯಾದರು, ಥಾಂಟ್ ಅವರನ್ನು ಸರ್ಕಾರದೊಳಗೆ ಕರೆದರು. ಆಗಲೇ ಕರೆನ್ ಜನಾಂಗದ ಬಂಡಾಯ ಎದ್ದಿತು. ಮಾತುಕತೆಗಾಗಿ ಥಾಂಟ್ ಜೀವದ ಹಂಗು ತೊರೆದು ಬಂಡುಕೋರರ ಶಿಬಿರಗಳಿಗೆ ಹೋದರು. ಮಾತುಕತೆ ಮುರಿದುಬಿತ್ತು. 1949ರಲ್ಲಿ ಮುನ್ನುಗ್ಗಿದ ಬಂಡುಕೋರರು ಪಂಟನಾವ್ ಪಟ್ಟಣವನ್ನು ಸುಟ್ಟರು. ಥಾಂಟ್ ಅವರ ಮನೆಯೂ ಸುಟ್ಟುಹೋಯಿತು.

ಸಂಧಾನದ ಮೊದಲ ಪಾಠ ಅವರಿಗೆ ಸಿಕ್ಕಿದ್ದು ಹೀಗೆ. ತಾನು ಮಾತಾಡಲು ಹೋದವರೇ ತನ್ನ ಮನೆ ಸುಟ್ಟರು. ಅಷ್ಟಾದರೂ ಮುಂದಿನ ಇಪ್ಪತ್ತು ವರ್ಷ ಅವರು ಮಾಡಿದ್ದು ಇದೇ ಕೆಲಸ.

1954ರ ಡಿಸೆಂಬರಿನಲ್ಲಿ ಬಾಬಾಸಾಹೇಬರು ವಿಶ್ವ ಬೌದ್ಧ ಸಮ್ಮೇಳನಕ್ಕೆ ರಂಗೂನಿಗೆ ಹೋದದ್ದು ನಿಮಗೆಲ್ಲ ಗೊತ್ತು. ಆ ಕಾಲದಲ್ಲಿ ಪ್ರಧಾನಿ ಊ ನು ಅವರ ಕಾರ್ಯದರ್ಶಿ ಇದೇ ಥಾಂಟ್. ಮರುವರ್ಷ ಏಷ್ಯಾ ಮತ್ತು ಆಫ್ರಿಕಾದ ದೇಶಗಳು ಸೇರಿದ ಬಾಂಡುಂಗ್ ಸಮ್ಮೇಳನದಲ್ಲಿ ದುಡಿದರು. 1957ರಲ್ಲಿ ಬರ್ಮಾದ ಪ್ರತಿನಿಧಿಯಾಗಿ ವಿಶ್ವಸಂಸ್ಥೆಗೆ ಹೋದರು.

1961ರ ಸೆಪ್ಟೆಂಬರ್ 18ರಂದು ಪ್ರಧಾನ ಕಾರ್ಯದರ್ಶಿ ಡಾಗ್ ಹ್ಯಾಮರ್‌ಷೋಲ್ಡ್ ಕಾಂಗೋ ಸಂಧಾನಕ್ಕೆಂದು ಹೊರಟಿದ್ದಾಗ ಆಫ್ರಿಕಾದಲ್ಲಿ ವಿಮಾನ ಬಿದ್ದು ಸತ್ತರು. ಸೋವಿಯತ್ ದೇಶ ಒಬ್ಬ ಕಾರ್ಯದರ್ಶಿಯ ಬದಲು ಮೂವರಿರಲಿ ಎಂದು ಹಟ ಹಿಡಿದಿತ್ತು: ಪಶ್ಚಿಮದವರ ಕಡೆಯವನೊಬ್ಬ, ಕಮ್ಯುನಿಸ್ಟರ ಕಡೆಯವನೊಬ್ಬ, ಯಾವ ಬಣಕ್ಕೂ ಸೇರದವನೊಬ್ಬ. ಹಾಗೆ ಮಾಡಿದ್ದರೆ ಆ ಕುರ್ಚಿಯೇ ಜಗಳದ ಜಾಗವಾಗುತ್ತಿತ್ತು. ಕೊನೆಗೆ ಎರಡೂ ಬಣಗಳು ಒಪ್ಪಿದ ಹೆಸರು ಥಾಂಟ್. ನವೆಂಬರ್ 3ರಂದು ಅವಿರೋಧವಾಗಿ ಹಂಗಾಮಿ ಕಾರ್ಯದರ್ಶಿಯಾದರು.

ಇಲ್ಲಿ ಒಂದು ಬದಲಾವಣೆಯನ್ನು ಗಮನಿಸಬೇಕು. ಅದುವರೆಗೆ ಲೋಕದ ಜಗಳ ಬಿಡಿಸುತ್ತಿದ್ದವರು ಹೆಚ್ಚಾಗಿ ದೊಡ್ಡ ಸಾಮ್ರಾಜ್ಯಗಳ ಮಂತ್ರಿಗಳು. ಗೆದ್ದವರು ಮೇಜಿನ ಸುತ್ತ ಕೂತು ಸಣ್ಣ ನಾಡುಗಳ ಗಡಿ ಎಳೆಯುತ್ತಿದ್ದರು. ಅದೂ ಒಂದು ಬಗೆಯ ಊರಿನ ರಾಜಿಯೇ. ಈಗ ಆ ಜಾಗಕ್ಕೆ ಬಂದವರು, ಹದಿಮೂರು ವರ್ಷದ ಹಿಂದೆಯಷ್ಟೇ ಬ್ರಿಟಿಷರಿಂದ ಬಿಡುಗಡೆಯಾದ ಬಡದೇಶದ ಒಬ್ಬ ಮೇಷ್ಟ್ರು. ಅವರ ಹಿಂದೆ ಸೈನ್ಯವಿಲ್ಲ, ಖಜಾನೆಯಿಲ್ಲ.

ಒಂದೇ ವರ್ಷದಲ್ಲಿ ಅವರಿಗೆ ಪರೀಕ್ಷೆ ಬಂತು. 1962ರ ಅಕ್ಟೋಬರ್ 22ರಂದು ಅಮೆರಿಕದ ಅಧ್ಯಕ್ಷ ಕೆನಡಿ, ಕ್ಯೂಬಾದಲ್ಲಿ ಸೋವಿಯತ್ ದೇಶ ಅಣ್ವಸ್ತ್ರ ಕ್ಷಿಪಣಿಗಳನ್ನು ನೆಡುತ್ತಿದೆ, ಅಲ್ಲಿಗೆ ಹೋಗುವ ಹಡಗುಗಳನ್ನು ನಮ್ಮ ನೌಕಾಪಡೆ ತಡೆಯುತ್ತದೆ ಎಂದು ಘೋಷಿಸಿದರು. ಸೋವಿಯತ್ ಹಡಗುಗಳು ದಾರಿಯಲ್ಲಿದ್ದವು. ಅವು ಮುಂದೆ ಹೋದರೆ ಗುಂಡು ಹಾರಬೇಕು, ಹಿಂದೆ ಸರಿದರೆ ಲೋಕದೆದುರು ಸೋಲು. ಎರಡೂ ಕಡೆ ಅಣುಬಾಂಬು.

ನಲವತ್ತಕ್ಕೂ ಹೆಚ್ಚು ಅಲಿಪ್ತ ದೇಶಗಳ ಪ್ರತಿನಿಧಿಗಳು ಥಾಂಟ್ ಅವರನ್ನು ಕಂಡು ಏನಾದರೂ ಮಾಡಿ ಎಂದರು. ಅಕ್ಟೋಬರ್ 24ರಂದು ಅವರು ಕೆನಡಿಗೂ ಕ್ರುಶ್ಚೇವ್‌ಗೂ ಒಂದೇ ಒಕ್ಕಣೆಯ ಪತ್ರ ಕಳಿಸಿದರು. ಎರಡು ಮೂರು ವಾರ ನೀವು ಶಸ್ತ್ರಾಸ್ತ್ರ ಸಾಗಿಸಬೇಡಿ, ನೀವು ಹಡಗು ತಡೆಯಬೇಡಿ, ಅಷ್ಟರಲ್ಲಿ ಮಾತಾಡೋಣ ಎಂಬುದು ಅದರ ಸಾರ. ಕ್ರುಶ್ಚೇವ್ ಒಪ್ಪಿದರು. ಕ್ಷಿಪಣಿಗಳ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲವೆಂದು ಅಮೆರಿಕಕ್ಕೆ ಸಿಟ್ಟು ಬಂತು. ಆದರೆ ಅದೇ ರಾತ್ರಿ ಅಮೆರಿಕದವರೇ ಒಳಗಿಂದೊಳಗೆ ಥಾಂಟ್ ಅವರ ಬಳಿ ಬಂದರು. ಸೋವಿಯತ್ ಹಡಗುಗಳು ಸ್ವಲ್ಪ ದಿನ ದೂರವಿರಲಿ ಎಂದು ನೀವು ಕೇಳಿ ಎಂದರು. ಕೆನಡಿ ಕೇಳಿದರೆ ಅದು ಆಜ್ಞೆ, ಕ್ರುಶ್ಚೇವ್ ಒಪ್ಪಲಾರರು. ಥಾಂಟ್ ಕೇಳಿದರೆ ಅದು ಲೋಕದ ಕೋರಿಕೆ. 25ರಂದು ಎರಡನೆಯ ಪತ್ರಗಳು ಹೋದವು. ಹಡಗುಗಳನ್ನು ದೂರವಿಡಿ ಎಂದು ಒಬ್ಬರಿಗೆ, ನೇರ ಘರ್ಷಣೆ ತಪ್ಪಿಸಿ ಎಂದು ಇನ್ನೊಬ್ಬರಿಗೆ. ಇಬ್ಬರೂ ಒಪ್ಪಿದರು.

ಕೊನೆಯ ಒಪ್ಪಂದವನ್ನು ಆ ಇಬ್ಬರು ನಾಯಕರೇ ನೇರವಾಗಿ ಮಾಡಿಕೊಂಡರು. ಟರ್ಕಿಯಲ್ಲಿದ್ದ ಅಮೆರಿಕದ ಕ್ಷಿಪಣಿಗಳನ್ನು ತೆಗೆಯುವ ಗುಟ್ಟಿನ ಮಾತೂ ಅದರಲ್ಲಿತ್ತು. 28ರಂದು ಕ್ರುಶ್ಚೇವ್ ಕ್ಯೂಬಾದಿಂದ ಕ್ಷಿಪಣಿ ತೆಗೆಯಲು ಒಪ್ಪಿದರು. ಥಾಂಟ್ ಕೊಟ್ಟದ್ದು ಆ ಮೂರು ನಾಲ್ಕು ದಿನಗಳ ಕಾಲಾವಕಾಶ, ಮತ್ತು ಮಾನ ಕಳೆದುಕೊಳ್ಳದೆ ಹಿಂದೆ ಸರಿಯಲು ಒಂದು ಬಾಗಿಲು. 1963ರ ಜನವರಿಯಲ್ಲಿ ಎರಡೂ ದೇಶಗಳು ಜಂಟಿಯಾಗಿ ಪತ್ರ ಬರೆದು ಅವರಿಗೆ ಕೃತಜ್ಞತೆ ಹೇಳಿದವು.

ಈ ಕಥೆಯಲ್ಲಿ ನನಗೆ ಹೆಚ್ಚು ಮುಖ್ಯವೆನಿಸುವುದು ಅದರ ಮುಂದಿನ ಭಾಗ. ಎರಡು ದೊಡ್ಡವರು ಸೇರಿ ಕ್ಯೂಬಾದ ನೆಲದ ಬಗ್ಗೆ ತೀರ್ಮಾನ ಮಾಡಿದ್ದರು. ಕ್ಯೂಬಾವನ್ನು ಯಾರೂ ಕೇಳಿರಲಿಲ್ಲ. ಜಗಲಿಯ ಮೇಲೆ ಹಿರಿಯರು ಕೂತು ಮುಗಿಸಿದ ಹಾಗೆಯೇ. ಅಕ್ಟೋಬರ್ 30ರಂದು ಥಾಂಟ್ ಹವಾನಾಕ್ಕೆ ಹೋಗಿ ಫಿಡೆಲ್ ಕಾಸ್ಟ್ರೋ ಎದುರು ಕೂತರು. ತನ್ನ ನೆಲದಲ್ಲಿ ಹೊರಗಿನವರ ತಪಾಸಣೆಗೆ ಕಾಸ್ಟ್ರೋ ಖಡಾಖಂಡಿತವಾಗಿ ಇಲ್ಲ ಎಂದರು. ಥಾಂಟ್ ಒತ್ತಾಯಿಸಲಿಲ್ಲ. ಒಂದು ಸಾರ್ವಭೌಮ ದೇಶ ಹಾಗೆ ಹೇಳುವ ಹಕ್ಕನ್ನು ಗೌರವಿಸಿದರು. ಕೊನೆಗೆ ಕ್ಷಿಪಣಿಗಳ ಲೆಕ್ಕ ನಡೆದದ್ದು ಸಮುದ್ರದ ಮೇಲೆ, ಮರಳುತ್ತಿದ್ದ ಹಡಗುಗಳಲ್ಲಿ.

ಅದೇ ವರ್ಷ ಅವರ ಮಗ ರಂಗೂನಿನಲ್ಲಿ ಬಸ್ಸಿನಿಂದ ಬಿದ್ದು ತೀರಿಕೊಂಡಿದ್ದ. ಇನ್ನೊಬ್ಬ ಮಗ ಮೊದಲೇ, ಎಳೆಗೂಸಾಗಿದ್ದಾಗ ಹೋಗಿದ್ದ. ಥಾಂಟ್ ದಿನವೂ ಧ್ಯಾನಕ್ಕೆ ಕೂರುತ್ತಿದ್ದ ಥೇರವಾದಿ. ಮೆತ್ತಾ, ಕರುಣಾ, ಮುದಿತಾ, ಉಪೇಕ್ಖಾ ಎಂಬ ನಾಲ್ಕು ಭಾವನೆಗಳನ್ನು ತಮ್ಮ ಕೆಲಸದ ಬುನಾದಿ ಎಂದುಕೊಂಡಿದ್ದರು. ಇವುಗಳಲ್ಲಿ ಕೊನೆಯದರ ಬಳಿ ಸ್ವಲ್ಪ ನಿಲ್ಲೋಣ.

ಪಾಲಿಯ ಉಪೇಕ್ಖಾ ಕನ್ನಡದಲ್ಲಿ ಉಪೇಕ್ಷೆಯಾಗಿದೆ. ನಮ್ಮ ನುಡಿಯಲ್ಲಿ ಉಪೇಕ್ಷೆ ಎಂದರೆ ಕಡೆಗಣಿಸುವುದು, ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು. ನಮ್ಮ ಸಮುದಾಯಕ್ಕೆ ಈ ಅರ್ಥ ಚೆನ್ನಾಗಿ ಗೊತ್ತು, ತಲೆಮಾರುಗಳಿಂದ ಅನುಭವಿಸಿದ್ದೇವೆ. ಪಾಲಿಯಲ್ಲಿ ಅದರ ಅರ್ಥ ಸಮಚಿತ್ತ: ಪ್ರೀತಿ ದ್ವೇಷಗಳಿಗೆ ಮನಸ್ಸು ವಾಲದಂತೆ ನೋಡುವುದು. ಒಂದು ಕಣ್ಣು ಮುಚ್ಚಿಕೊಳ್ಳುವುದು, ಇನ್ನೊಂದು ಕಣ್ಣು ಪೂರ್ತಿ ತೆರೆಯುವುದು. ಪದ ಒಂದೇ ಮೂಲದ್ದು, ದಾರಿ ತದ್ವಿರುದ್ಧ.

ಥಾಂಟ್ ಇದನ್ನೇ ತಮ್ಮ ಹುದ್ದೆಯ ಭಾಷೆಯಲ್ಲಿ ಹೇಳುತ್ತಿದ್ದರು. ಪ್ರಧಾನ ಕಾರ್ಯದರ್ಶಿ ನಿಷ್ಪಕ್ಷಪಾತಿಯಾಗಿರಬೇಕು, ಆದರೆ ತಟಸ್ಥನಾಗಿರಬೇಕಿಲ್ಲ ಎಂಬುದು ಅವರ ನಿಲುವು. ನ್ಯಾಯಾಧೀಶರು ಎರಡೂ ಕಡೆಯ ವಾದವನ್ನು ಸಮನಾಗಿ ಕೇಳಬೇಕು. ಹಾಗೆಂದು ಅನ್ಯಾಯಕ್ಕೂ ನ್ಯಾಯಕ್ಕೂ ನಡುವೆ ತಟಸ್ಥರಾಗಿ ಕೂರುವಂತಿಲ್ಲ. ದಕ್ಷಿಣ ಆಫ್ರಿಕಾದ ವರ್ಣಭೇದ ನೀತಿಯನ್ನೂ ವಸಾಹತುಶಾಹಿಯನ್ನೂ ಥಾಂಟ್ ಬಹಿರಂಗವಾಗಿ ಖಂಡಿಸಿದರು. ಕಾಂಗೋದಿಂದ ಕಟಂಗಾ ಪ್ರಾಂತವನ್ನು ಒಡೆಯಲು ವಿದೇಶಿ ಗಣಿ ಕಂಪನಿಯ ಹಣ ಮತ್ತು ಬಾಡಿಗೆ ಸೈನಿಕರು ನಿಂತಾಗ, ಮಾತುಕತೆ ಸೋತ ಮೇಲೆ ವಿಶ್ವಸಂಸ್ಥೆಯ ಪಡೆ ಬಲ ಬಳಸಲು ಒಪ್ಪಿದರು. 1963ರ ಜನವರಿಯಲ್ಲಿ ಆ ಒಡಕು ಕೊನೆಗೊಂಡಿತು. ಅಹಿಂಸೆಯನ್ನು ನಂಬಿದ ಅವರಿಗೆ ಅದು ಸುಲಭದ ತೀರ್ಮಾನವಾಗಿರಲಿಲ್ಲ.

1964ರಲ್ಲಿ ಸೈಪ್ರಸ್ ದ್ವೀಪದಲ್ಲಿ ಗ್ರೀಕರೂ ತುರ್ಕರೂ ಹೊಡೆದಾಡಿದಾಗ ಅಲ್ಲಿಗೆ ಶಾಂತಿಪಾಲನಾ ಪಡೆ ಹೋಯಿತು. ಆ ವರ್ಷದ ಜುಲೈಯಿಂದ ಅದರ ದಂಡನಾಯಕರಾಗಿದ್ದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. 1965ರ ಡಿಸೆಂಬರಿನಲ್ಲಿ ಅವರು ಆ ದ್ವೀಪದಲ್ಲೇ, ಕರ್ತವ್ಯದಲ್ಲಿದ್ದಾಗಲೇ ತೀರಿಕೊಂಡರು. ಆ ಪಡೆ ಇಂದಿಗೂ ಅಲ್ಲಿದೆ. ಗುಂಡು ನಿಲ್ಲಿಸುವುದು ಬೇರೆ, ಜಗಳ ಬಗೆಹರಿಸುವುದು ಬೇರೆ ಎಂಬುದಕ್ಕೆ ಸೈಪ್ರಸ್ ಸಾಕ್ಷಿ.

ತಟಸ್ಥನಲ್ಲದವನು ಬೆಲೆ ತೆರಬೇಕಾಗುತ್ತದೆ. ವಿಯೆಟ್ನಾಂ ಯುದ್ಧ ದೊಡ್ಡದಾಗುವ ಮೊದಲೇ, 1964ರಲ್ಲಿ, ಥಾಂಟ್ ಅಮೆರಿಕವನ್ನೂ ಉತ್ತರ ವಿಯೆಟ್ನಾಮನ್ನೂ ರಂಗೂನಿನಲ್ಲಿ ಗುಟ್ಟಾಗಿ ಕೂರಿಸಲು ಯತ್ನಿಸಿದರು. ಹನೋಯ್ ಸಿದ್ಧವಿದೆ ಎಂಬ ಸುದ್ದಿ ಅವರಿಗೆ ಬಂತು. ಅಮೆರಿಕ ಒಪ್ಪಲಿಲ್ಲ. 1965ರ ಫೆಬ್ರುವರಿಯಲ್ಲಿ ಅವರು ಪತ್ರಕರ್ತರ ಮುಂದೆ, ನಿಜ ಸಂಗತಿ ಗೊತ್ತಾದರೆ ಅಮೆರಿಕದ ಜನರೇ ಈ ರಕ್ತಪಾತ ಬೇಡವೆನ್ನುತ್ತಾರೆ ಎಂಬರ್ಥದ ಮಾತಾಡಿದರು. ಅಲ್ಲಿಂದ ವಾಷಿಂಗ್ಟನ್ನಿನ ಬಾಗಿಲು ಅವರಿಗೆ ಅರ್ಧ ಮುಚ್ಚಿತು. ಪ್ಯಾರಿಸಿನಲ್ಲಿ ಮಾತುಕತೆ ಆರಂಭವಾದದ್ದು 1968ರಲ್ಲಿ. ಆ ನಡುವಿನ ವರ್ಷಗಳಲ್ಲಿ ಸತ್ತವರು ಲಕ್ಷಗಟ್ಟಲೆ.

1965ರ ಸೆಪ್ಟೆಂಬರಿನಲ್ಲಿ ಭಾರತ ಪಾಕಿಸ್ತಾನಗಳ ಯುದ್ಧ ನಡೆದಾಗ ರಾವಲ್ಪಿಂಡಿಗೂ ದೆಹಲಿಗೂ ಓಡಾಡಿದರು. ಭದ್ರತಾ ಮಂಡಳಿಯ ಒತ್ತಡವೂ ಸೇರಿ ಅದೇ ತಿಂಗಳು ಕದನವಿರಾಮವಾಯಿತು. ಆದರೆ ತಾಷ್ಕೆಂಟಿನ ಒಪ್ಪಂದ ಮಾಡಿಸಿದ್ದು ಸೋವಿಯತ್ ದೇಶ. ದೊಡ್ಡವರು ಮನಸ್ಸು ಮಾಡಿದಾಗ ಮೇಷ್ಟ್ರು ಪಕ್ಕಕ್ಕೆ ಸರಿಯಬೇಕಾಗುತ್ತಿತ್ತು.

ದೊಡ್ಡ ಅಪವಾದ ಬಂದದ್ದು 1967ರಲ್ಲಿ. ಈಜಿಪ್ಟ್ ಮತ್ತು ಇಸ್ರೇಲ್ ನಡುವೆ ಹತ್ತು ವರ್ಷದಿಂದ ವಿಶ್ವಸಂಸ್ಥೆಯ ಪಡೆ ಇತ್ತು. ಅದು ಈಜಿಪ್ಟಿನ ಒಪ್ಪಿಗೆಯ ಮೇಲೆ ಈಜಿಪ್ಟಿನ ಕಡೆಯಲ್ಲಷ್ಟೇ ನಿಂತಿತ್ತು. ಇಸ್ರೇಲ್ ತನ್ನ ನೆಲದಲ್ಲಿ ಜಾಗ ಕೊಟ್ಟಿರಲಿಲ್ಲ. ಮೇ ತಿಂಗಳಲ್ಲಿ ಈಜಿಪ್ಟ್ ಹೊರಡಿ ಎಂದಿತು. ಥಾಂಟ್ ಒಪ್ಪಿದರು, ತಾವೇ ಕೈರೋಗೆ ಹೊರಟರು. ಅವರು ತಲುಪುವಷ್ಟರಲ್ಲಿ ಈಜಿಪ್ಟಿನ ನಾಸರ್ ಇಸ್ರೇಲಿನ ಹಡಗುಗಳಿಗೆ ಜಲಸಂಧಿ ಮುಚ್ಚುವ ಘೋಷಣೆ ಮಾಡಿಬಿಟ್ಟಿದ್ದರು. ಜೂನ್ 5ರಂದು ಯುದ್ಧ ಶುರುವಾಯಿತು. ಇನ್ನೂ ಅಲ್ಲಿದ್ದ ಭಾರತದ ಶಾಂತಿಪಾಲಕ ಸೈನಿಕರೂ ಅದರಲ್ಲಿ ಸತ್ತರು. ಇಷ್ಟು ಬೇಗ ಒಪ್ಪಿದ್ದೇಕೆ ಎಂದು ಲೋಕ ಥಾಂಟ್ ಅವರನ್ನು ದೂರಿತು. ಒಪ್ಪಿಗೆ ಇಲ್ಲದ ನೆಲದಲ್ಲಿ, ತಮ್ಮ ದೇಶಗಳೇ ವಾಪಸ್ ಕರೆಯುತ್ತಿದ್ದ ಸೈನಿಕರನ್ನು ಹಿಡಿದಿಡುವ ಶಕ್ತಿ ಅವರಿಗೆ ಎಲ್ಲಿತ್ತು ಎಂದು ಕೇಳಿದವರು ಕಡಿಮೆ. ಮಧ್ಯಸ್ಥನ ಒಂದು ಉಪಯೋಗ ಇದೂ ಹೌದು: ತಪ್ಪು ಹೊರಿಸಲು ಎಲ್ಲರಿಗೂ ಒಂದು ತಲೆ ಸಿಗುತ್ತದೆ.

ಗೆದ್ದಾಗ ಮಾತ್ರ ಯಾರಿಗೂ ಗೊತ್ತಾಗುವುದಿಲ್ಲ. ಬ್ರಿಟಿಷರು ಹೊರಡಲಿದ್ದ ಬಹರೇನ್ ದ್ವೀಪ ತನ್ನದು ಎಂದು ಇರಾನ್ ಹೇಳುತ್ತಿತ್ತು. 1970ರಲ್ಲಿ ಥಾಂಟ್ ತಮ್ಮ ಪ್ರತಿನಿಧಿಯನ್ನು ಅಲ್ಲಿಗೆ ಕಳಿಸಿ ಜನರನ್ನೇ ಕೇಳಿಸಿದರು. ಬಹುಪಾಲು ಜನ ಸ್ವತಂತ್ರ ದೇಶ ಬೇಕೆಂದರು. ಭದ್ರತಾ ಮಂಡಳಿ ಒಪ್ಪಿತು, ಇರಾನ್ ಕೂಡ ಒಪ್ಪಿತು. ಯುದ್ಧ ನಡೆಯಲಿಲ್ಲ. ನಡೆಯದ ಯುದ್ಧಕ್ಕೆ ಯಾವ ಪಠ್ಯಪುಸ್ತಕದಲ್ಲೂ ಪಾಠವಿಲ್ಲ.

1971ರಲ್ಲಿ ಪೂರ್ವ ಬಂಗಾಳದಿಂದ ನಿರಾಶ್ರಿತರು ಲಕ್ಷಲಕ್ಷವಾಗಿ ಭಾರತಕ್ಕೆ ಬರುತ್ತಿದ್ದಾಗ, ಜುಲೈ 20ರಂದು ಅವರು ಭದ್ರತಾ ಮಂಡಳಿಗೆ ಎಚ್ಚರಿಕೆಯ ಪತ್ರ ಬರೆದರು. ಮಂಡಳಿ ಕದಲಲಿಲ್ಲ. ಡಿಸೆಂಬರಿನಲ್ಲಿ ಯುದ್ಧವಾಯಿತು. ಅದೇ ತಿಂಗಳ ಕೊನೆಗೆ ಅವರು ನಿವೃತ್ತರಾದರು. ಮೂರು ವರ್ಷದೊಳಗೆ ಕ್ಯಾನ್ಸರ್ ಅವರನ್ನು ಒಯ್ದಿತು.

ಬರ್ಮಾದಲ್ಲಿ ಆಗ ಜನರಲ್ ನೆ ವಿನ್ ಅವರ ಸೈನಿಕ ಆಡಳಿತ. ಲೋಕದ ಶಾಂತಿಗೆ ದುಡಿದವರ ದೇಹ ತಾಯ್ನಾಡಿಗೆ ಬಂದಾಗ ಸರ್ಕಾರ ಯಾವ ಗೌರವವನ್ನೂ ಕೊಡಲಿಲ್ಲ. ಡಿಸೆಂಬರ್ 5ರಂದು ವಿದ್ಯಾರ್ಥಿಗಳು ಶವಪೆಟ್ಟಿಗೆಯನ್ನು ತಾವೇ ಎತ್ತಿಕೊಂಡು ರಂಗೂನ್ ವಿಶ್ವವಿದ್ಯಾಲಯಕ್ಕೆ ಒಯ್ದರು. 1962ರಲ್ಲಿ ಸೈನ್ಯ ಸಿಡಿಸಿ ಉರುಳಿಸಿದ್ದ ವಿದ್ಯಾರ್ಥಿ ಸಂಘದ ಕಟ್ಟಡದ ಜಾಗದಲ್ಲಿ ಅವರಿಗೊಂದು ಸಮಾಧಿ ಕಟ್ಟಿದರು. ಡಿಸೆಂಬರ್ 11ರ ನಸುಕಿನಲ್ಲಿ ಸೈನ್ಯ ನುಗ್ಗಿ ಪೆಟ್ಟಿಗೆಯನ್ನು ಕಿತ್ತುಕೊಂಡಿತು. ವಿದ್ಯಾರ್ಥಿಗಳು ಸತ್ತರು, ನಗರದಲ್ಲಿ ದಂಗೆಯೆದ್ದಿತು. ಈಗ ಅವರ ಸಮಾಧಿ ಶ್ವೇಡಗಾನ್ ಪಗೋಡದ ಹತ್ತಿರವಿದೆ. ಮೇಷ್ಟ್ರಿಗಾಗಿ ಎದ್ದು ನಿಂತವರು ವಿದ್ಯಾರ್ಥಿಗಳು ಎಂಬುದನ್ನು ನಾನು ಪ್ರತಿ ಸಲವೂ ನಿಧಾನವಾಗಿ ಓದುತ್ತೇನೆ.

ಥಾಂಟ್ ಅವರ ಕಾಲದಿಂದ ಇಂದಿಗೆ ಸಂಧಾನದ ಸ್ವರೂಪ ಬಹಳ ಬದಲಾಗಿದೆ. ಈಗ ಹೆಚ್ಚಿನ ಯುದ್ಧಗಳು ದೇಶ ದೇಶಗಳ ನಡುವೆಯಲ್ಲ, ದೇಶದೊಳಗೇ ನಡೆಯುತ್ತವೆ. ನಡುವೆ ನಿಲ್ಲುವವರೂ ವಿಶ್ವಸಂಸ್ಥೆಯೊಂದೇ ಅಲ್ಲ. ನಾರ್ವೆ, ಕತಾರ್‌ನಂಥ ಸಣ್ಣ ದೇಶಗಳು ಆ ಕೆಲಸ ಮಾಡುತ್ತಿವೆ. 2020ರಲ್ಲಿ ಕತಾರಿನ ದೋಹಾದಲ್ಲಿ ಅಮೆರಿಕ ಮತ್ತು ತಾಲಿಬಾನ್ ಒಪ್ಪಂದಕ್ಕೆ ಸಹಿ ಹಾಕಿದವು. ಅಫ್ಘಾನಿಸ್ತಾನದ ಸರ್ಕಾರ ಆ ಒಪ್ಪಂದದಲ್ಲಿ ಇರಲಿಲ್ಲ. ಒಂದೂವರೆ ವರ್ಷದಲ್ಲಿ ಕಾಬೂಲ್ ತಾಲಿಬಾನ್ ಕೈಗೆ ಹೋಯಿತು. ಅಲ್ಲಿನ ಹೆಣ್ಣುಮಕ್ಕಳ ಗತಿ ಏನಾಯಿತೆಂದು ನೋಡುತ್ತಿದ್ದೇವೆ.

ಇನ್ನೊಂದು ದಾರಿಯೂ ಇದೆ. ಕೊಲಂಬಿಯಾದಲ್ಲಿ ಸರ್ಕಾರಕ್ಕೂ ಫಾರ್ಕ್ ಬಂಡುಕೋರರಿಗೂ ಐವತ್ತು ವರ್ಷದ ಯುದ್ಧ. ಕ್ಯೂಬಾ ಮತ್ತು ನಾರ್ವೆ ಜಾಮೀನು ನಿಂತು ಮಾತುಕತೆ ನಡೆಸಿದವು. ಜಾಗ ಅದೇ ಹವಾನಾ. 2014ರಲ್ಲಿ ಆ ಕೋಣೆಗೆ ಅರವತ್ತು ಮಂದಿ ಸಂತ್ರಸ್ತರನ್ನು, ಹನ್ನೆರಡು ಹನ್ನೆರಡು ಜನರ ಐದು ತಂಡಗಳಾಗಿ ಕರೆಸಿದರು. ಮನೆಯವರನ್ನು ಕಳೆದುಕೊಂಡವರು ಕೊಂದವರ ಎದುರೇ ಕೂತು, ನಡೆದದ್ದನ್ನು ತಮ್ಮ ಬಾಯಿಂದ ಹೇಳಿದರು. 2016ರಲ್ಲಿ ಒಪ್ಪಂದವಾಯಿತು. ಮೊದಲ ಕರಡನ್ನು ಜನಮತ ತಿರಸ್ಕರಿಸಿತು, ತಿದ್ದಿ ಮತ್ತೆ ಸಹಿ ಹಾಕಿದರು. ಎಲ್ಲವೂ ಸರಿಹೋಯಿತು ಎಂದಲ್ಲ. ಆದರೆ ಪೆಟ್ಟು ತಿಂದವರು ಅಲ್ಲಿ ಜಗಲಿಯ ಕೆಳಗೆ ಕೈಕಟ್ಟಿ ನಿಂತಿರಲಿಲ್ಲ, ಮೇಜಿನ ಮುಂದೆ ಕುರ್ಚಿಯ ಮೇಲೆ ಕೂತಿದ್ದರು.

ಬಂಧುಗಳೇ, ನಮ್ಮ ಮನೆಗಳಲ್ಲಿ, ಸಂಘಗಳಲ್ಲಿ, ಜಯಂತಿ ಸಮಿತಿಗಳಲ್ಲಿ ಕೂಡ ಜಗಳಗಳಿವೆ. ನಡುವೆ ನಿಲ್ಲುವ ಕೆಲಸ ಒಂದಲ್ಲ ಒಂದು ದಿನ ನಿಮ್ಮ ಪಾಲಿಗೂ ಬರುತ್ತದೆ. ಅಥವಾ ಯಾರೋ ನಿಮ್ಮ ಬಾಗಿಲಿಗೆ ರಾಜಿ ತಂದು ನಿಲ್ಲುತ್ತಾರೆ. ಇವತ್ತಿನ ಧ್ಯಾನದಲ್ಲಿ ಈ ಒಂದು ಪ್ರಶ್ನೆಯನ್ನು ಇಟ್ಟುಕೊಂಡು ಕೂರೋಣ: ಈ ಮಾತುಕತೆಗೆ ಯಾರನ್ನು ಕರೆದಿಲ್ಲ? ಪೆಟ್ಟು ತಿಂದವರೇ ಅಲ್ಲಿ ಇಲ್ಲದಿದ್ದರೆ, ಅವರು ಬೇಡ ಎನ್ನುವ ಹಕ್ಕಿಗೆ ಅಲ್ಲಿ ಬೆಲೆ ಇಲ್ಲದಿದ್ದರೆ, ಅದು ಉಪೇಕ್ಷೆ. ಅದಕ್ಕೆ ಸಹಿ ಹಾಕಬೇಕಿಲ್ಲ. ಅವರೂ ಕೂತಿದ್ದು, ನಡುವೆ ನಿಂತವರ ಮನಸ್ಸು ಯಾರ ಕಡೆಗೂ ವಾಲದೆ, ಕಣ್ಣು ಮಾತ್ರ ತೆರೆದಿದ್ದರೆ, ಅಲ್ಲಿ ಕೂತು ಮಾತಾಡಬಹುದು.

ನಾಳೆ ಪೀಠಿಕೆ ಓದುವಾಗ ಗಮನಿಸಿ. ಅದರಲ್ಲಿ ನ್ಯಾಯ ಮೊದಲು ಬರುತ್ತದೆ, ಭ್ರಾತೃತ್ವ ಕೊನೆಗೆ.

ನಮೋ ಬುದ್ಧಾಯ. ಜೈ ಭೀಮ್.